ಎಫುವಾ ಹೊತ್ತ ಹರಕೆ

ನನ್ನ ಮೊಮ್ಮಕ್ಕಳು ನಾಲ್ವರೂ ಒಟ್ಟಿಗೆ ಅತ್ತರೆ ಕಡಲಿಗೆ ಹೋದ ದೋಣಿಗಳು ಯಾವುದೋ ಹಡಗು ಕೂಗಿತೆಂದುಕೊಂಡು ದಡಕ್ಕೆ ತಿರುಗುತ್ತವೆ. ನಂಬದವರು ನಮ್ಮೂರಿಗೆ ಬಂದು ಒಂದು ಬೆಳಗ್ಗೆ ಕಳೆಯಲಿ. ಹೋದ ಮಳೆಗಾಲದಲ್ಲಿ ಇವರ ಅಳುವಿಗೆ ಹೆದರಿ ನೆರೆಮನೆಯ ಮಾನ್ಸಾಳ ಕೋಳಿ ಮೊಟ್ಟೆಯಿಡುವುದನ್ನೇ ಬಿಟ್ಟಿತು. ಕೋಳಿ ಮುದಿಯಾಗಿತ್ತು ಎಂದು ಮಾನ್ಸಾ ಹೇಳಿಕೊಂಡು ತಿರುಗುತ್ತಾಳೆ. ಅವಳ ಮಾತು ಬಿಡಿ, ಅವಳಿಗೆ ಅವಳಿ ಮೊಮ್ಮಕ್ಕಳು ಕೂಡ ಇಲ್ಲ.

ಘಾನಾದ ಕರಾವಳಿಯನ್ನು ಈ ತುದಿಯಿಂದ ಆ ತುದಿಗೆ ಜಾಲಾಡಿದರೂ ನನ್ನಷ್ಟು ಹದವಾಗಿ ಮೀನಿಗೆ ಹೊಗೆ ಹಾಕುವವಳು ಸಿಗುವುದಿಲ್ಲ. ಅಡ್ವೊವಾಳ ಒಲೆಯ ಹೊಗೆ ಕಂಡರೆ ಮೀನುಗಳು ತಾವಾಗಿಯೇ ಬಲೆಗೆ ಬೀಳುತ್ತವೆ ಎಂದು ನಮ್ಮವರು ಹೇಳುತ್ತಾರೆ. ಹೇಳುವವಳು ನಾನೇ, ಆದರೆ ಯಾರೂ ಅಲ್ಲಗಳೆದಿಲ್ಲ. ಇಷ್ಟಾದರೂ ನನಗೆ ಹೆಸರು ಬಂದದ್ದು ಮೀನಿನಿಂದಲ್ಲ. ನನ್ನ ಮಗಳು ಎಫುವಾ ಒಂದೇ ಬುಧವಾರ, ಒಂದೇ ಬಸಿರಿನಲ್ಲಿ ನಾಲ್ಕು ಹೆತ್ತಳು, ಅದರಿಂದ.

ನಮ್ಮಲ್ಲಿ ಅವಳಿಗಳಲ್ಲಿ ಹಿರಿಯನು ಪಾನ್ಯಿನ್, ಕಿರಿಯನು ಕಾಕ್ರಾ. ಅವರ ಬೆನ್ನಿಗೆ ಹುಟ್ಟುವುದು ತಾವಿಯಾ, ಅದರ ಬೆನ್ನಿಗೆ ನ್ಯಾಂಕೊಮಾಗೊ. ಬೇರೆಯವರ ಮನೆಯಲ್ಲಿ ಈ ಹೆಸರುಗಳೆಲ್ಲ ಖರ್ಚಾಗಲು ವರ್ಷಗಳು ಹಿಡಿಯುತ್ತವೆ. ನಾವು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿಬಿಟ್ಟೆವು. ಪಾನ್ಯಿನ್, ಕಾಕ್ರಾ ಗಂಡು, ತಾವಿಯಾ ಹೆಣ್ಣು, ಕೊನೆಯವನು ಮತ್ತೆ ಗಂಡು. ಆ ಕೊನೆಯವನು, ನಮ್ಮ ನ್ಯಾಂಕೊಮಾಗೊ, ಹುಟ್ಟಿದಾಗ ಕೂಸಿಗಿಂತ ಹೆಸರೇ ಭಾರವಾಗಿತ್ತು.

ತಮಾಷೆಗೆ ಹೇಳುತ್ತಿಲ್ಲ. ಅವನನ್ನು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ನನ್ನ ಅಂಗೈಯಲ್ಲಿ ಇಟ್ಟರೆ ಬೆರಳುಗಳು ಮಿಗುತ್ತಿದ್ದವು. ಎಫುವಾ ಆ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಳು. ನಾನು ಹಿಂದೆಯೇ ನಿಂತಿದ್ದೆ. ಅವಳು ದೇವರೊಂದಿಗೆ ಆಡಿದ ಮಾತು ನನ್ನ ಕಿವಿಗೆ ಬಿತ್ತು.

“ನಾಲ್ವರನ್ನೂ ಉಳಿಸ್ಕೊಡು ತಂದೆ. ಯಾರ ಕೈಯೂ ತಾಗದ ಹಾಗೆ ನಾನೊಬ್ಳೇ ನಾಲ್ವರನ್ನೂ ಒಟ್ಟಿಗೆ ಹೊತ್ಕೊಂಡು ಚರ್ಚಲ್ಲಿ ನಿನ್ನ ಪೀಠದ ಮುಂದೆ ಬಂದು ಕುಣೀತೀನಿ.”

ನಾನು ಹಣೆ ಚಚ್ಚಿಕೊಂಡೆ. ಹುಟ್ಟಿದಾಗಿನಿಂದ ಮೀನಿನ ಸಂತೆಯಲ್ಲಿ ಬೆಳೆದ ಹುಡುಗಿ, ಒಂದು ಬುಟ್ಟಿ ಮೀನಿಗೆ ಅರ್ಧ ದಿನ ಚೌಕಾಸಿ ಮಾಡುವ ಮನೆತನದವಳು, ದೇವರ ಹತ್ತಿರ ಹೋಗಿ ಒಂದು ಮಾತೂ ಚೌಕಾಸಿ ಮಾಡದೆ ಬಂದಳು. ನಾಲ್ಕು ಭಾನುವಾರ ಒಂದೊಂದನ್ನು ತರುತ್ತೇನೆ ಎಂದಿದ್ದರೆ ಆತ ಬೇಡ ಎನ್ನುತ್ತಿದ್ದನೇ?

ದೇವರು ಮಾತು ಉಳಿಸಿಕೊಂಡ. ನ್ಯಾಂಕೊಮಾಗೊ ಪೆಟ್ಟಿಗೆಯಿಂದ ಹೊರಗೆ ಬಂದ, ಮನೆಗೂ ಬಂದ. ಆದರೆ ಅವನ ಎದೆ ಗಟ್ಟಿಯಾಗುವವರೆಗೆ ಜನಜಂಗುಳಿಗೆ ಒಯ್ಯಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಹಾಗಾಗಿ ಹರಕೆ ಮುಂದಕ್ಕೆ ಹೋಯಿತು. ಹರಕೆ ಮುಂದಕ್ಕೆ ಹೋದಷ್ಟೂ ಮಿಕ್ಕ ಮೂವರು ನನ್ನ ಕೈಯಡುಗೆ ತಿನ್ನುತ್ತಿದ್ದರು.

ನನ್ನ ಗಂಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಸುಕಿನ ಜೋಳದ ಹಿಟ್ಟು, ಹುರಿದ ಕಡಲೆಕಾಯಿ, ಅದಕ್ಕೆ ನಾನೇ ಹೊಗೆಯಾಡಿಸಿ ಕುಟ್ಟಿದ ಮೀನಿನ ಪುಡಿ. ಇದನ್ನು ಕಲ್ಲಿಗೆ ತಿನ್ನಿಸಿದರೂ ಕಲ್ಲಿಗೆ ಗಲ್ಲ ಬರುತ್ತದೆ. ಬೆಳಗಾದರೆ ಬಿಸಿನೀರಿನ ಬಾನಿಯ ಮುಂದೆ ಕಾಲು ಚಾಚಿ ಕೂತು ಒಬ್ಬೊಬ್ಬರನ್ನೇ ತಿಕ್ಕಿ ತೊಳೆದು, ಶಿಯಾ ಕಾಯಿಯ ಬೆಣ್ಣೆ ಹಚ್ಚಿ, ಕೈಕಾಲು ಎಳೆದು ನೀವಿ ಚಾಪೆಗೆ ಹಾಕುವುದು ನನ್ನ ಕೆಲಸ. ನಾಲ್ಕನೆಯವನು ಚಾಪೆಗೆ ಬರುವಷ್ಟರಲ್ಲಿ ಮೊದಲನೆಯವನು ಮತ್ತೆ ತೊಳೆಯುವ ಹಾಗೆ ಆಗಿರುತ್ತಿದ್ದ. ಆಮೇಲೆ ಒಂದೇ ಬಟ್ಟಲು, ಒಂದೇ ಚಮಚ, ನಾಲ್ಕು ಬಾಯಿ. ಎಫುವಾ ಪ್ರತಿಯೊಂದು ಬಾಯಿಗೂ ಬೇರೆಬೇರೆಯಾಗಿ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಳು. ನ್ಯಾಂಕೊಮಾಗೊನ ಆಮೆನ್ ಮುಗಿಯುವಾಗ ಪಾನ್ಯಿನ್‌ಗೆ ಮತ್ತೆ ಹಸಿವಾಗುತ್ತಿತ್ತು. ಎಲ್ಲರ ಹೆಸರಿನಲ್ಲಿ ಒಂದೇ ಸಲ ಹೇಳಿ ಮುಗಿಸು ಎಂದು ನಾನು ಎಷ್ಟೋ ಸಲ ಹೇಳಿದೆ. ನಾಲ್ಕು ಜನರನ್ನು ಕೊಡುವಾಗ ಅವನು ಒಂದೇ ಎಂದು ಲೆಕ್ಕ ಹಿಡಿದನೇ ಎಂದು ಅವಳು ಕೇಳಿದಳು.

ಕೊನೆಗೆ ವೈದ್ಯರು ಅಪ್ಪಣೆ ಕೊಟ್ಟರು. ಬರುವ ಭಾನುವಾರ ಸುಗ್ಗಿಯ ಆರಾಧನೆ, ಅಂದೇ ಎಫುವಾಳ ಹರಕೆ ಎಂದು ಪಾದ್ರಿ ಕ್ವಾನ್ಸಾ ಚರ್ಚಿನಲ್ಲಿ ಸಾರಿದರು. ಆ ಸೋಮವಾರವೇ ನಾನು ಮಕ್ಕಳನ್ನು ಸಂತೆಯ ತಕ್ಕಡಿಯಲ್ಲಿ ಕೂರಿಸಿದೆ. ಪಾನ್ಯಿನ್ ಕೂತಾಗ ತಕ್ಕಡಿಯ ಸರಪಳಿ ನರಳಿತು. ಕಾಕ್ರಾ ಕೂತಾಗ ತಕ್ಕಡಿಯ ಯಜಮಾನ ನರಳಿದ. ತಾವಿಯಾಳನ್ನು ಕೂರಿಸಲು ಅವನು ಬಿಡಲೇ ಇಲ್ಲ. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದರೆ ಎಫುವಾ ಗೋಡೆಗೆ ಒರಗಿ ಅಳುತ್ತಿದ್ದಳು.

“ಅವ್ವಾ, ಇವ್ರನ್ನ ಹೊರೋದು ನಾನು. ನೀನು ಗಂಜಿ ತಿನ್ಸಿದ್ದು ನನ್ನ ಬೆನ್ನಿಗೆ.”

ಅವಳ ಬೆನ್ನಾದರೂ ಹೇಗಿತ್ತು? ನಾಲ್ವರಿಗೆ ಹಾಲು ಕೊಟ್ಟು ಒಣಗಿ, ಮೀನು ತಿಂದು ಬಿಟ್ಟ ಮುಳ್ಳಿನ ಹಾಗಿತ್ತು. ಅಂದಿನಿಂದ ಅವಳು ಅನ್ನನೀರು ಬಿಟ್ಟಳು. ಕುಳಿತಲ್ಲಿಂದ ಎದ್ದೆದ್ದು ಹೋಗಿ ನ್ಯಾಂಕೊಮಾಗೊನ ಮೂಗಿನ ಕೆಳಗೆ ಬೆರಳಿಟ್ಟು ನೋಡುವಳು. ಅವನು ಒಮ್ಮೆ ಕೆಮ್ಮಿದರೆ ಸಾಕು, ಕೊಟ್ಟವನು ವಾಪಸು ಕೇಳಲು ಬಂದಿದ್ದಾನೆ ಎಂದು ಕೂಸನ್ನು ಎದೆಗೆ ಅವಚಿಕೊಳ್ಳುವಳು. ಆಡಿದ ಮಾತಿಗೆ ತಪ್ಪಿದರೆ ದೇವರು ಎತ್ತಿಕೊಳ್ಳುವುದು ಕೊನೆಯವನನ್ನೇ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ನಾನು ಸುಮ್ಮನೆ ಕೂರುವವಳಲ್ಲ. ನೇರ ಪಾದ್ರಿಯ ಮನೆಗೆ ಹೋಗಿ, ಹರಕೆಯನ್ನು ಸ್ವಲ್ಪ ಕತ್ತರಿಸಿ ಕೊಡಿ ಎಂದೆ. ಅವರು ಬಹಳ ಚಂದದ ಮಾತು ಆಡಿದರು. ದೇವರು ತಕ್ಕಡಿ ಹಿಡಿದು ಕೂತಿಲ್ಲ, ಮನಸ್ಸು ಮುಖ್ಯ, ತಾಯಿ ಬರಿಗೈಯಲ್ಲಿ ಬಂದರೂ ಅವನಿಗೆ ಸಂತೋಷವೇ ಎಂದರು. ನಾನು ಅದಕ್ಕೆ ನನ್ನದೂ ಒಂದಷ್ಟು ಸೇರಿಸಿ ಎಫುವಾಳಿಗೆ ಹೇಳಿದೆ. ಅವಳು ತಲೆಯೆತ್ತದೆ, “ಹರಕೆ ಹೊತ್ತವ್ರು ಪಾದ್ರಿಗಳಲ್ಲವಲ್ಲ,” ಎಂದಳು.

ಅವಳ ಗಂಡ ಕೊಬಿನಾ ದೋಣಿಯವನು. ತೋಳು ತೆಂಗಿನ ಕಾಂಡದ ಹಾಗೆ, ನಾಲಗೆ ಮಾತ್ರ ಮೃದು. ಅವಳು ನಾಲ್ವರನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂರಲಿ, ಊರ ನಾಯಕರನ್ನು ಪಲ್ಲಕ್ಕಿಯಲ್ಲಿ ಹೊತ್ತಂತೆ ನಾನೂ ನಮ್ಮ ದೋಣಿಯ ಹುಡುಗರೂ ಕುರ್ಚಿಯನ್ನು ಪೀಠದವರೆಗೆ ಹೊರುತ್ತೇವೆ ಎಂದು ಅವನು ಸೂಚಿಸಿದ. ನನಗೆ ಬಹಳ ಹಿಡಿಸಿತು. ಹಿಂದೆ ಹಿಂದೆ ಛತ್ರಿ ಹಿಡಿದು ನಡೆಯುವ ಅಜ್ಜಿಯನ್ನು ಕಣ್ಮುಂದೆ ಕಂಡೆ. ಎಫುವಾ ಅವನನ್ನು ನೋಡಿದ ನೋಟಕ್ಕೆ ಅವನು ಬಲೆ ತೆಗೆದುಕೊಂಡು ಕಡಲತೀರಕ್ಕೆ ಹೊರಟುಹೋದ.

ಮಂಗಳವಾರ ಕಡಲಿಗೆ ವಿಶ್ರಾಂತಿಯ ದಿನ, ನಮ್ಮೂರಿನಲ್ಲಿ ಯಾವ ದೋಣಿಯೂ ನೀರಿಗೆ ಇಳಿಯುವುದಿಲ್ಲ. ಗಂಡಸರೆಲ್ಲ ತೀರದಲ್ಲಿ ಕೂತು ಬಲೆ ಹೊಲಿಯುತ್ತಾ ಬೇರೆಯವರ ಸಂಸಾರ ಬಿಚ್ಚುತ್ತಿರುತ್ತಾರೆ. ನಾವು ಅಲ್ಲಿಗೇ ಅಭ್ಯಾಸಕ್ಕೆ ಹೋದೆವು. ಮಕ್ಕಳ ಬದಲು, ಕೂಸಿನಷ್ಟೇ ತೂಗುವ ನಮ್ಮ ಗೆಣಸಿನ ನಾಲ್ಕು ದೊಡ್ಡ ಗಡ್ಡೆಗಳನ್ನು ಒಯ್ದಿದ್ದೆ. ಮೊದಲ ಸಲ ಎಫುವಾ ಎರಡು ಹೆಜ್ಜೆಗೆ ಗಡ್ಡೆಗಳ ಸಮೇತ ಮರಳಿನಲ್ಲಿ ಕೂತಳು. ಬಲೆ ಹೊಲಿಯುವವರು ತಲೆಗೊಂದರಂತೆ ಬುದ್ಧಿ ಹೇಳತೊಡಗಿದರು. ಭಾರದ್ದನ್ನು ಹಿಂದೆ ಕಟ್ಟಬೇಕೆಂದು ಒಬ್ಬ, ಮುಂದೆ ಕಟ್ಟಬೇಕೆಂದು ಇನ್ನೊಬ್ಬ. ಪಾನ್ಯಿನ್‌ನನ್ನು ನಡೆದೇ ಬರಲು ಹೇಳಿ ಎಂದ ಮತ್ತೊಬ್ಬ. ಕೊನೆಗೆ ಕೊಬಿನಾ ಎದ್ದು ಬಂದು, ದೋಣಿಗೆ ಹಾಯಿ ಬಿಗಿಯುವ ಹಾಗೆ ಅವಳಿಗೆ ಬಟ್ಟೆ ಬಿಗಿದ. ಒಂದು ಬೆನ್ನಿಗೆ, ಒಂದು ಎದೆಗೆ, ಸೊಂಟದ ಆಚೆ ಒಂದು, ಈಚೆ ಒಂದು. ಗಂಟುಗಳು ನನ್ನ ಹಟಕ್ಕಿಂತ ಗಟ್ಟಿಯಾಗಿದ್ದವು. ಅವಳು ನೀರಿನ ಅಂಚಿನವರೆಗೆ ಹೋಗಿ ಬಂದಳು.

ಮಾನ್ಸಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. “ಗೆಣಸು ಒದೆಯಲ್ಲ ಕಣೇ ಅಡ್ವೊವಾ,” ಎಂದಳು. ಕೆಟ್ಟ ಹೆಂಗಸು. ಆದರೆ ಅವಳು ಹೇಳಿದ್ದು ನಿಜ.

ಭಾನುವಾರ ಬಂತು. ಚರ್ಚಿನಲ್ಲಿ ಸೂಜಿ ಊರಲು ಜಾಗವಿರಲಿಲ್ಲ. ರಾಜಧಾನಿ ಅಕ್ರಾದಿಂದ ಕೂಡ ಜನ ಬಂದಿದ್ದರು ಎಂದು ನಾನು ಹೇಳುತ್ತೇನೆ, ಒಬ್ಬನಂತೂ ಖಂಡಿತ ಬಂದಿದ್ದ. ನಮ್ಮಲ್ಲಿ ಕಾಣಿಕೆಗೆ ಹುಟ್ಟಿದ ವಾರದ ಪ್ರಕಾರ ಗುಂಪುಗುಂಪಾಗಿ ಕುಣಿಯುತ್ತಾ ಪೀಠಕ್ಕೆ ಹೋಗುವುದು ರೂಢಿ. ಬುಧವಾರದವರು ಎಂದೂ ಬಡಕಲು ಗುಂಪು, ಇಬ್ಬರು ಮುದುಕರು ಮತ್ತು ಹಾರ್ಮೋನಿಯಂ ಬಾರಿಸುವವನು. ಅವನು ಎದ್ದರೆ ಸಂಗೀತ ನಿಲ್ಲುವುದರಿಂದ ಅವನೂ ಲೆಕ್ಕಕ್ಕಿಲ್ಲ. ಪಾದ್ರಿ ಕ್ವಾನ್ಸಾ ಬುಧವಾರದವರು ಎಂದು ಕರೆದಾಗ, ಶುಕ್ರವಾರ ಹುಟ್ಟಿದ ನನ್ನ ಎಫುವಾ ಬುಧವಾರದ ನಾಲ್ವರನ್ನು ಮೈಗೆ ಬಿಗಿದುಕೊಂಡು ಬಾಗಿಲಲ್ಲಿ ನಿಂತಳು. ಬೆನ್ನಿಗೆ ಪಾನ್ಯಿನ್, ಸೊಂಟಕ್ಕೆ ಕಾಕ್ರಾ ಮತ್ತು ತಾವಿಯಾ, ಎದೆಗೆ ನ್ಯಾಂಕೊಮಾಗೊ. ಮದ್ದಳೆ ಶುರುವಾಯಿತು.

ಅವಳು ಹೊರಟಳು. ನಡೆದರೆ ಸಾಲದು, ಕುಣಿಯುತ್ತೇನೆ ಎಂದು ಹೇಳಿಕೊಂಡಿದ್ದಳಲ್ಲ, ಕುಣಿದಳು. ಮೊದಲ ಸಾಲುಗಳನ್ನು ಸಲೀಸಾಗಿ ದಾಟಿದಳು. ಆಮೇಲೆ ಮದ್ದಳೆಯ ಸದ್ದಿಗೆ ಕಾಕ್ರಾ ಹುರುಪುಗೊಂಡು ಒದೆಯತೊಡಗಿದ. ತಾವಿಯಾ ತಾನೂ ಒದ್ದಳು, ಬೇರೆ ತಾಳದಲ್ಲಿ. ಪಾನ್ಯಿನ್ ಹಿಂದಕ್ಕೆ ಬಾಗಿ ಮೇಲಿನ ಫ್ಯಾನನ್ನು ನೋಡತೊಡಗಿದ. ಚರ್ಚಿನ ನಟ್ಟನಡುವೆ ಎಫುವಾ ಒಂದು ಪಕ್ಕಕ್ಕೆ ವಾಲುವುದು ನನಗೆ ಕಂಡಿತು. ಅವಳು ತುಟಿ ಕಚ್ಚಿದ್ದಳು, ಕಣ್ಣು ಪೀಠದ ಮೇಲಿತ್ತು. ಅದು ನಮ್ಮೂರಿನಿಂದ ಅಕ್ರಾದಷ್ಟು ದೂರ ಕಾಣುತ್ತಿತ್ತು. ಕೊಬಿನಾ ಅರ್ಧ ಎದ್ದ. ಅವಳು ತಲೆ ಅಲ್ಲಾಡಿಸಿದಳು. ಅವನು ಮತ್ತೆ ಕೂತ. ಅಷ್ಟು ದೊಡ್ಡ ಗಂಡಸು ಕೈ ಎಲ್ಲಿಡುವುದೆಂದು ತಿಳಿಯದೆ ಮುಂದಿನ ಬೆಂಚನ್ನು ಹಿಡಿದುಕೊಂಡ.

ಯಾರಾದರೂ ಕೃತಜ್ಞತೆಯಿಂದ ಕುಣಿಯುವಾಗ ಬಂಧುಬಳಗ ಎದ್ದು ಬಂದು, ಕರವಸ್ತ್ರ ಬೀಸುತ್ತಾ ಸುತ್ತ ಕುಣಿಯುವುದುಂಟು. ಅದು ಸಹಾಯವಲ್ಲ, ಸಂತೋಷ. ಅದನ್ನು ಯಾವ ಹರಕೆಯೂ ತಡೆಯಲಾರದು. ಮೊದಲು ಎದ್ದವಳು ನಾನೇ ಎಂದು ಹೇಳಲು ನಾಲಗೆ ತುರಿಸುತ್ತಿದೆ. ಆದರೆ ಎದ್ದವಳು ಮಾನ್ಸಾ. ಬಿಳಿ ಕರವಸ್ತ್ರ ಬೀಸುತ್ತಾ ಆ ದಪ್ಪ ಮೈಯನ್ನು ಬಳುಕಿಸಿಕೊಂಡು ಎಫುವಾಳ ಎಡಕ್ಕೆ ಬಂದು ಅಂಟಿಕೊಂಡಳು. ನಾನು ಹಾರಿ ಹಿಂದೆ ಹೋದೆ. ಸೋಮವಾರದವರು, ಶುಕ್ರವಾರದವರು, ವಾರದ ಏಳೂ ದಿನದವರು ಎದ್ದರು. ಮೀನಿನ ಸಂತೆಯ ಹೆಂಗಸರೆಲ್ಲ ಒತ್ತೊತ್ತಾಗಿ ಸೇರಿದರು. ನನ್ನ ಮಗಳು ಬೀಳಬೇಕೆಂದು ಬಯಸಿದರೂ ಬೀಳಲು ಜಾಗವಿರಲಿಲ್ಲ.

ಎಲ್ಲರ ಒಂದೊಂದು ಕೈ ಮೇಲಕ್ಕೆದ್ದು ಕರವಸ್ತ್ರ ಬೀಸುತ್ತಿತ್ತು. ಇನ್ನೊಂದು ಕೈಯ ವಿಚಾರ ನಾನು ಹೇಳಬಾರದು, ಆದರೆ ಹೇಳುತ್ತೇನೆ. ನನ್ನದು ಪಾನ್ಯಿನ್‌ನ ಕುಂಡೆಯ ಕೆಳಗಿತ್ತು. ಅಲ್ಲಿ ಆಗಲೇ ಬೇರೆ ಎರಡು ಕೈಗಳಿದ್ದವು. ತಾವಿಯಾಳ ಕೆಳಗೆ ಮಾನ್ಸಾಳ ಕೈ, ಕಾಕ್ರಾನ ಕೆಳಗೆ ಯಾರದೋ. ಒಬ್ಬರ ಮುಖವನ್ನು ಒಬ್ಬರು ನೋಡದೆ, ಬಾಯಿತುಂಬ ಹಾಡುತ್ತಾ ಮುಂದಕ್ಕೆ ಹೋದೆವು. ಪಾದ್ರಿ ಕ್ವಾನ್ಸಾ ಎಲ್ಲವನ್ನೂ ಮೇಲಿನಿಂದ ಕಂಡರು. ಕಂಡು ಕಣ್ಣುಮುಚ್ಚಿ ದೀರ್ಘವಾಗಿ ಪ್ರಾರ್ಥನೆ ಶುರುಮಾಡಿದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗ.

ಮಧ್ಯಾಹ್ನ ಅಂಗಳದಲ್ಲಿ ಊಟಕ್ಕೆ ಕೂತೆವು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದರು. ಮಾನ್ಸಾ ಕೂಡ ಬಂದಿದ್ದಳು, ಬಾರದೆ ಇರುತ್ತಾಳೆಯೇ. ಯಾರೂ ಚರ್ಚಿನ ಸುದ್ದಿ ಎತ್ತಲಿಲ್ಲ. ನನ್ನ ಜೀವಮಾನದ ಅತಿ ದೊಡ್ಡ ಜಂಬದ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟುತ್ತಿತ್ತು. ಯಾರ ಕೈಯೂ ತಾಗದ ಹಾಗೆ ಎಂದು ಎಫುವಾ ಮಾತು ಕೊಟ್ಟಿದ್ದಳು. ಈಗ ನಾವು ಬಾಯಿಬಿಟ್ಟರೆ ಅವಳು ಮತ್ತೆ ಆ ಕೊನೆಯವನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂರುತ್ತಾಳೆ. ಸೌಟನ್ನು ಗಟ್ಟಿಯಾಗಿ ಹಿಡಿದು ಬಡಿಸಿದೆ.

ಎಫುವಾ ಜೋಳದ ಗರಿಯಲ್ಲಿ ಸುತ್ತಿ ಬೇಯಿಸಿದ ಕೆಂಕೆ ಹಿಟ್ಟಿನ ಉಂಡೆಯ ಸಿಪ್ಪೆ ಬಿಡಿಸುತ್ತಾ, “ಹಗುರ ಇದ್ರು ಅವ್ವಾ,” ಎಂದಳು. “ಅರ್ಧ ದಾರಿ ಆದ್ಮೇಲೆ ಏನೂ ಭಾರಾನೇ ಇರ್ಲಿಲ್ಲ. ಕೆಳಗಿಂದ ಯಾರೋ ಎತ್ತಿ ಹಿಡಿದ ಹಾಗಿತ್ತು.”

ಮಾನ್ಸಾ ತನ್ನ ತಟ್ಟೆಯೊಳಗೆ ಏನೋ ಕಳೆದುಕೊಂಡವಳಂತೆ ಹುಡುಕತೊಡಗಿದಳು.

ಎಫುವಾ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಉಂಡೆಯನ್ನು ಮುರಿದು ಸಾರಿಗೆ ಅದ್ದಿದಳು.

“ನಾನೊಬ್ಳೇ ಅಂತ ಅಂದಾಗ್ಲೇ ಅವನು ಒಳಗೊಳಗೇ ನಕ್ಕಿರ್ಬೇಕು. ದೇವರ ಕೈ ಹೊಗೆಮೀನಿನ ವಾಸನೆ ಹೊಡೆಯುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಹಾಗೆಂದು ತುತ್ತು ಬಾಯಿಗಿಟ್ಟಳು. ಇನ್ನೊಂದು ತುತ್ತು. ಇನ್ನೊಂದು ಉಂಡೆ ಕೇಳಿದಳು. ನಾನು ಮೀನಿನ ತಲೆಯ ಭಾಗವನ್ನು ಅವಳ ತಟ್ಟೆಗೆ ಹಾಕಿದೆ. ತಿಂದು ಮುಗಿಸಿ, ಕೈ ಕೂಡ ತೊಳೆಯದೆ, ಕೊಬಿನಾನ ತೆಂಗಿನ ಕಾಂಡದಂಥ ತೋಳಿಗೆ ಒರಗಿದವಳು ಕೂತಲ್ಲಿಯೇ ನಿದ್ದೆಹೋದಳು. ಚಾಪೆಯ ಕಡೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಅವಳ ಬದಲು ನಾನು ಎದ್ದು ಹೋಗಿ ನ್ಯಾಂಕೊಮಾಗೊನ ಮೂಗಿನ ಕೆಳಗೆ ಬೆರಳು ಹಿಡಿದೆ. ನನ್ನ ತಲೆವಸ್ತ್ರ ಹಾರಿಹೋಗುವಂತೆ ಉಸಿರಾಡುತ್ತಿದ್ದ.