ಪ್ರಹಸನದ ಪರದೇಶಿಗಳು

ರುದ್ರಾಣಿ ಧಾರವಾಡದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದವಳು. ಗಂಡ ಶಿವರಾಜನಿಗೆ ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಾಗ ಅವನ ಜೊತೆ ಬಂದಳು. ಮಗಳು ಶಿವಾನಿ ಶಾಲೆಗೆ ಹೋಗತೊಡಗಿದ ಮೇಲೆ ಗ್ರೀಕ್ ಕಲಿತು ವೆಲ್ಲಿಂಗ್ಟನ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಳು.

ವಿಷಯ ಅವಳೇ ಆರಿಸಿಕೊಂಡದ್ದು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ರಾಜನೂ ಅವನ ಜನರೂ ತಮ್ಮದೇ ಭಾಷೆಯಲ್ಲಿ ಮಾತಾಡುತ್ತಾರೆ. ಅದು ಕನ್ನಡವಿರಬಹುದೆಂದು ಕೆಲವರು, ಬರೀ ಗದ್ದಲವೆಂದು ಹಲವರು. ಗ್ರೀಕರು ಪರಕೀಯರನ್ನು ಗುರುತಿಸುತ್ತಿದ್ದುದು ಮೈಬಣ್ಣಕ್ಕಿಂತ ಮೊದಲು ಮಾತಿನಿಂದ. ತಮ್ಮ ಭಾಷೆ ಬಾರದವರೆಲ್ಲ ಅವರಿಗೆ ಬರ್ಬರರು. ಆ ಸಾಲುಗಳಿಗೆ ಅರ್ಥವಿದೆಯೆಂದು ತೋರಿಸಿದರೆ ಆಡಿದವರು ಮನುಷ್ಯರಾಗುತ್ತಾರೆ ಎಂದು ರುದ್ರಾಣಿ ನಂಬಿದ್ದಳು. ಐದು ವರ್ಷ ಅದರಲ್ಲೇ ಕಳೆದಳು.

2016ರ ಆಗಸ್ಟ್‌ನಲ್ಲಿ ಒಂದು ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಿದಳು. ಮುಗಿದ ಮೇಲೆ ಹಿರಿಯ ವಿದ್ವಾಂಸರೊಬ್ಬರು ಆ ಸಾಲುಗಳನ್ನು ಗಟ್ಟಿಯಾಗಿ ಓದಿ ಕೇಳಿಸಿ ಎಂದರು. ಅವಳು ಎದ್ದು ನಿಂತು, ಊರಿನ ಧಾಟಿಯಲ್ಲಿ, ಮನಸ್ಸಿಟ್ಟು ಓದಿದಳು. ಮೂರನೆಯ ಸಾಲಿಗೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಆ ನಗುವಿನಲ್ಲಿ ಕೇಡೇನೂ ಇರಲಿಲ್ಲ.

"ಇಷ್ಟು ಶತಮಾನ ಕಳೆದರೂ ನಗು ಬರುತ್ತದೆ ನೋಡಿ!" ಎಂದು ಆ ವಿದ್ವಾಂಸರು ಚಪ್ಪಾಳೆ ತಟ್ಟಿದರು.

ರುದ್ರಾಣಿಯೂ ನಕ್ಕಂತೆ ಮಾಡಿ ಕೂತಳು.

ಮನೆಗೆ ಬಂದವಳು ಟಿಪ್ಪಣಿಗಳ ಪೆಟ್ಟಿಗೆಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿದಳು. ಶಿವರಾಜ ಬಾಗಿಲಲ್ಲಿ ನಿಂತು ನೋಡಿದ.

"ಮಂದಿ ನಕ್ಕರಂತ ಬಿಟ್ಟಬಿಡ್ತಿ ಏನು?"

"ನಕ್ಕಿದ್ದಕ್ಕಲ್ರೀ. ಆ ಸಾಲು ಬರದದ್ದ ನಗಲಿಕ್ಕಂತ. ಅಲ್ಲಿ ನಗೆಪಾಟಲ ಆದವರು ನಮ್ಮವರ ಅಂತ ನಾ ಐದು ವರ್ಷ ಕೂತು ಸಾಧಿಸಲಿಕ್ಕ ಹತ್ತಿದ್ದೆ."

"ಅಪ್ಪಾ, ಲೀವ್ ಹರ್ ಅಲೋನ್," ಎಂದಳು ಒಳಗಿನಿಂದ ಶಿವಾನಿ.

ಮಾರ್ಗದರ್ಶಕಿ ಮೂರು ಸಲ ಬರೆದರು. ರುದ್ರಾಣಿ ಒಂದಕ್ಕೂ ಉತ್ತರಿಸಲಿಲ್ಲ. ವರ್ಷದ ಕೊನೆಗೆ ಹೆಸರು ತೆಗೆಸಿ, ವೆಲ್ಲಿಂಗ್ಟನ್‌ನ ಕಚೇರಿಯೊಂದರಲ್ಲಿ ಕಡತ ಜೋಡಿಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು, ಅದೂ ತಗ್ಗಿದ ದನಿಯಲ್ಲಿ. ಸಂಜೆ ಟ್ರೇನಿನಲ್ಲಿ ಮರಳುವಾಗ ಗದಗಿನಿಂದ ತಾಯಿ ಮಲ್ಲವ್ವನ ಫೋನ್ ಬಂದರೆ ಕತ್ತರಿಸಿಬಿಡುತ್ತಿದ್ದಳು.

ಒಂದು ಭಾನುವಾರ ಮಲ್ಲವ್ವ ಕೇಳಿಯೇ ಬಿಟ್ಟಳು. "ಯಾಕವಾ, ಅಲ್ಲಿ ಸಂಜಿಮುಂದ ಫೋನ್ ಎತ್ತವಲ್ಲಿ?"

"ಟ್ರೇನಿನಾಗ ಮಂದಿ ಇರ್ತಾರ, ಯವ್ವಾ."

"ಇದ್ರ ಏನಾತು? ನಮ್ಮ ಮಾತು ಅವರಿಗೇನ ತಿಳೀತೈತಿ?"

ರುದ್ರಾಣಿ ಫೋನನ್ನು ಕಿವಿಯಿಂದ ಇಳಿಸಿ ಮೇಜಿನ ಮೇಲಿಟ್ಟಳು. ಅತ್ತ ಮಲ್ಲವ್ವ, ಲೈನ್ ಹೋಯಿತೆಂದುಕೊಂಡು, "ಹಲೋ, ಹಲೋ" ಎನ್ನುತ್ತಲೇ ಇದ್ದಳು.