ಮೈಕ್‌ಸೆಟ್ಟಿನವನ ಹೆಂಡತಿಯ ಕತೆಗಳು

"ದೊಡ್ಡಮ್ಮ, ಏನೂ ಹಾಳಾಗಿಲ್ಲ ಇದು. ಪ್ಲೇಯರ್ ಹೊಸದು, ನಿಮ್ಮ ಕಂಪ್ಯೂಟರ್ ಹಳೇದು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಅಷ್ಟೇ," ಎಂದಳು ತಂಗಿಯ ಮಗಳು, ಪರದೆಯ ಮೇಲೆ ಮತ್ತೆ ಮತ್ತೆ ಏಳುತ್ತಿದ್ದ ಎಚ್ಚರಿಕೆಯನ್ನು ಮುಚ್ಚುತ್ತ.

ದೊಡ್ಡಮ್ಮ ಪಕ್ಕದ ಕುರ್ಚಿಯಿಂದಲೇ ತಲೆಯಾಡಿಸಿದಳು. ಗಂಟಲಿನ ಆಪರೇಷನ್ ಆದಂದಿನಿಂದ ಆಕೆಗೆ ಧ್ವನಿಯಿಲ್ಲ. ಮಾತೆಲ್ಲ ಮಡಿಲಲ್ಲಿರುವ ಸ್ಲೇಟಿನ ಮೇಲೆ. ಶಿಶುವಿಹಾರದ ಟೀಚರ್ ಆಗಿದ್ದವಳು, ಎಂಥ ಹಟಮಾರಿ ಮಗುವನ್ನೂ ಒಂದು ಕತೆಯಲ್ಲಿ ಮಲಗಿಸುತ್ತಿದ್ದವಳು. ಧ್ವನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅಳುತ್ತ ಕೂರಲಿಲ್ಲ. ಹುಟ್ಟಲಿದ್ದ ಮೊಮ್ಮಗುವಿಗೆಂದು ಇದೇ ಕಂಪ್ಯೂಟರಿನ ಮುಂದೆ ವಾರವಿಡೀ ಕೂತು, ನೋಯುವ ಗಂಟಲಲ್ಲೇ ತನ್ನ ಕತೆಗಳನ್ನು ಹೇಳಿದಳು. ರೆಕಾರ್ಡ್ ಮಾಡಿದವನು ಗಂಡ.

ಗಂಡನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಸುಬು. ಊರಲ್ಲಿ ಯಾವ ಸಭೆಯಾದರೂ ಅವನ 'ಹಲೋ ಹಲೋ' ಆದಮೇಲೆಯೇ ಭಾಷಣ. ಕೈಗೆ ಸಿಕ್ಕಿದ ತೂತಿಗೆ ವೈರು ಚುಚ್ಚಿದರೂ ಮೈಕು ತನ್ನ ಮಾತು ಕೇಳುತ್ತದೆ ಎಂಬ ಜಂಬ ಬೇರೆ. ಆದರೆ ಕತೆ ಹಾಕಿ ಎಂದು ಹೆಂಡತಿ ಬರೆದಾಗಲೆಲ್ಲ ಪ್ಲೇಯರ್ ತೆರೆಯುತ್ತಿರಲಿಲ್ಲ. "ಹಳೇ ಪೆಟ್ಟಿಗೆ ಕಣೇ, ಏನ್ ಮಾಡೋದು?" ಎನ್ನುತ್ತಿದ್ದ. ರಿಪೇರಿಗೆ ಕೊಡೋಣವೆಂದರೆ, ಇರುವುದೂ ಅಳಿಸಿಹೋದೀತು ಎಂದು ಹೆದರಿಸುತ್ತಿದ್ದ. ಸದ್ದಿನ ವಿಷಯದಲ್ಲಿ ಅವನಿಗೆ ಎದುರಾಡುವುದೆಂದರೆ ಅಡುಗೆಭಟ್ಟನಿಗೆ ಉಪ್ಪಿನ ಪಾಠ ಹೇಳಿದ ಹಾಗೆ. ಆಕೆ ನಂಬಿದಳು.

ಈಗ ಮೂರು ತುಂಬಿದ ಮೊಮ್ಮಗಳು ಭಾನುವಾರ ಬರುವವಳಿದ್ದಾಳೆ. "ಅಜ್ಜಿ ಯಾಕೆ ಮಾತಾಡಲ್ಲ?" ಎಂದು ಫೋನಿನಲ್ಲಿ ಕೇಳಿದ್ದಳು. ಗಂಡ ಮನೆಯಲ್ಲಿಲ್ಲದಾಗ ಪ್ಲೇಯರ್ ಸರಿಮಾಡಿಸಿಟ್ಟು, ಅವನನ್ನೇ ಬೆರಗುಗೊಳಿಸಬೇಕೆಂದು ಆಕೆ ಹುಡುಗಿಯನ್ನು ಕರೆಸಿದ್ದಳು.

ಹುಡುಗಿ ಹೊಸ ಪ್ಲೇಯರನ್ನು ಕಿತ್ತುಹಾಕಿ, ಪೆನ್‌ಡ್ರೈವಿನಲ್ಲಿ ತಂದಿದ್ದ ಹಳೆಯ ಆವೃತ್ತಿಯನ್ನು ತುಂಬಿದಳು. ಪ್ಲೇಯರ್ ತೆರೆದುಕೊಂಡಿತು. ಮೊದಲ ಕತೆ ಒತ್ತಿದಳು. ಪರದೆಯ ಮೇಲೆ ಕತೆ ಓಡುವ ಗೆರೆ ಮುಂದೆ ಸರಿಯಿತು. ಸ್ಪೀಕರಿನಿಂದ ಬರೀ ಜುಂಯ್ ಎಂಬ ಸದ್ದು. ಎರಡನೆಯದೂ ಹಾಗೇ. ಸ್ಪೀಕರ್ ಕೆಟ್ಟಿದೆಯೇನೋ ಎಂದು ಒಂದು ಹಾಡು ಹಾಕಿ ನೋಡಿದಳು. ಅದು ಚೆನ್ನಾಗಿಯೇ ಬಂತು.

"ಬೇರೆಯವೂ ನೋಡೋಣ ಇರಿ ದೊಡ್ಡಮ್ಮ," ಎನ್ನುತ್ತ ಒಂದೊಂದೇ ಒತ್ತಿದಳು. ಎಲ್ಲದರಲ್ಲೂ ಜುಂಯ್. ಕಡೆಯ ಫೈಲು ಮಾತ್ರ ಚಿಕ್ಕದಿತ್ತು. ಅದರಲ್ಲಿ ದೊಡ್ಡಪ್ಪ ಕೆಮ್ಮಿದ.

"ಹಲೋ... ಹಲೋ... ಹಾಂ, ಈಗ ಬಂತು. ಅಯ್ಯೋ ದೇವರೇ, ಇಷ್ಟು ದಿನ ಮೈಕಿನ ವೈರನ್ನ ಗುಲಾಬಿ ತೂತು ಬಿಟ್ಟು ನೀಲಿ ತೂತಿಗೆ ಹಾಕಿದ್ನಲ್ಲ! ಒಂದು ಕತೆನೂ ಬಂದಿಲ್ವಲ್ಲ..."

ಬಾಗಿಲು ಕಿರುಗುಟ್ಟಿತು. ಆಮೇಲೆ ಹೆಂಗಸಿನ ಧ್ವನಿ, ತುಸು ಒಡಕು, ತುಂಬ ಬೆಚ್ಚಗೆ.

"ಏನೂಂದ್ರೆ, ಎಲ್ಲಾ ಸರಿಯಾಗಿ ಬಂದಿದೆ ತಾನೆ?"

"ಹ್ಞೂಂ ಕಣೇ. ಮುತ್ತು ಪೋಣಿಸಿದ ಹಾಗಿದೆ."

"ನಾಳೆ ಆಸ್ಪತ್ರೆಗೆ ಸೇರ್ಬೇಕಲ್ಲ, ಇವತ್ತೇ ಇನ್ನೊಂದು ಹೇಳ್ಲಾ? ಆಮೆ ಕತೆ ಉಳಿದುಹೋಗಿದೆ."

"ಬೇಡ ಬೇಡ, ಗಂಟಲು ನೋಯುತ್ತೆ. ಮಲಕ್ಕೋ ಹೋಗು."

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು. ತಪ್ಪು ಯಾರಿಗಾದರೂ ಆಗುತ್ತದೆ. ಆದರೆ ಆ ಸಂಜೆ ತನಗೆ ಧ್ವನಿಯಿತ್ತು, ಇನ್ನೂ ಒಂದು ಇಡೀ ರಾತ್ರಿಯಿತ್ತು. ಅವನು ನಿಜ ಹೇಳಿದ್ದರೆ ಬೆಳಗಾಗುವ ತನಕ ಕತೆ ಹೇಳುತ್ತಿದ್ದಳು, ರಕ್ತ ಬಂದರೂ ಹೇಳುತ್ತಿದ್ದಳು. ಮೈಕ್‌ಸೆಟ್ಟಿನವನ ಮರ್ಯಾದೆ ಉಳಿಯಲೆಂದು ಅದೂ ಹೋಯಿತು.

ಹೊಸಿಲಲ್ಲಿ ಗಂಡ ನಿಂತಿದ್ದ, ಹೆಗಲ ಮೇಲೆ ವೈರಿನ ಸುರುಳಿ. ತನ್ನ ದನಿಯನ್ನು ಅವನೂ ಕೇಳಿಸಿಕೊಂಡಿದ್ದ.

"ಅದು... ಆವತ್ತು ನೀನು ನೊಂದ್ಕೋತೀಯ ಅಂತ... ಆಮೇಲೆ ಹೇಳೋಣ ಅಂತಿದ್ದೆ ಕಣೇ."

ಹುಡುಗಿ ಬಳಪ ಚಾಚಿದಳು. ದೊಡ್ಡಮ್ಮ ತೆಗೆದುಕೊಳ್ಳಲಿಲ್ಲ. ಮೌಸ್ ಹಿಡಿದು, ಗೆರೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಒತ್ತಿದಳು.

"ಏನೂಂದ್ರೆ, ಎಲ್ಲಾ ಸರಿಯಾಗಿ ಬಂದಿದೆ ತಾನೆ?"

ಅಲ್ಲಿಗೇ ನಿಲ್ಲಿಸಿ, ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡು ಕೂತಳು. ಗಂಡನ ಹೆಗಲಿನಿಂದ ವೈರಿನ ಸುರುಳಿ ಜಾರಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ.