ಒತ್ತಿ ಹಿಡಿಯುವ ಕೆಲಸ

ಸೊಸೆ ಬ್ರೇಕು ಒತ್ತಿದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದರು. ಆಸ್ಪತ್ರೆಯಲ್ಲಿ ಮುರಿದ ಮುಂಗೈಗೆ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಲೇ ಡಾಕ್ಟರಿಗೂ ಹೇಳಿದರು. "ಇವಳ ಕಾಲು ಪೆಡಲ್ ಮೇಲೇ ಇತ್ತು ಕಣಪ್ಪ. ಪೆಡಲ್ಲೇ ತಳ ಕಂಡುಬಿಡ್ತು."

ತೊಂದರೆ ಏನೆಂದರೆ, ಅವತ್ತು ಅತ್ತೆ ಹೋಗಿದ್ದದ್ದೇ ಕಣ್ಣಿನ ಪರೀಕ್ಷೆಗೆ. ಹನಿ ಹಾಕಿಸಿಕೊಂಡು, ಎದುರಿಗೆ ಬಂದದ್ದು ಆನೆಯೋ ಆಟೋವೋ ಗೊತ್ತಾಗದ ಸ್ಥಿತಿಯಲ್ಲಿ ಕಾರು ಹತ್ತಿದವರು. ಅವರ ಸಾಕ್ಷಿಯನ್ನು ಯಾರು ನಂಬಬೇಕು?

ಸೇತುವೆಯ ಕಡೆಗಿಳಿಯುವ ರಸ್ತೆಯಲ್ಲಿ ಆ ಹಳೇ ಜಪಾನಿ ಕಾರು ನಿಲ್ಲಲಿಲ್ಲ. ಕೆಳಗೆ ಸಿಗ್ನಲ್ ಕೆಂಪಾಗಿತ್ತು, ಜನ ರಸ್ತೆ ದಾಟುತ್ತಿದ್ದರು. ಅವಳು ಹ್ಯಾಂಡ್‌ಬ್ರೇಕ್ ಎಳೆದು, ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳು ಗುಡ್ಡೆಗೆ ಸ್ಟೇರಿಂಗ್ ತಿರುಗಿಸಿದಳು. ಮುಂದಿನ ಚಕ್ರ ಕಲ್ಲಂಚಿಗೆ ಬಡಿದು ಸೊಟ್ಟಗಾಯಿತು. ಮೂತಿಯನ್ನು ಮರಳಿನಲ್ಲಿ ಹುದುಗಿಸಿಕೊಂಡು ಕಾರು ನಿಂತಿತು. ಬೇರೆ ಯಾರಿಗೂ ಕೂದಲು ಕೊಂಕಲಿಲ್ಲ.

ಗಂಡ ಬೈಯಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ಅವನು ಮೆತ್ತಗೆ ಹೇಳಿದ, "ಗಾಬರೀಲಿ ಕಾಲು ತಪ್ಪಿರುತ್ತೆ ಬಿಡು. ಯಾರಿಗಾದ್ರೂ ಆಗುತ್ತೆ." ಅದೇ ಮಾತು ಅವನ ಅಣ್ಣನ ಮನೆಗೆ ಹೋಯಿತು. ಅಲ್ಲಿಂದ ಬಂಧುಬಳಗಕ್ಕೆಲ್ಲ ಹರಡಿತು. ಒಂದು ವಾರದೊಳಗೆ ಅವಳು ಬ್ರೇಕೆಂದು ಆಕ್ಸಿಲರೇಟರ್ ಒತ್ತಿದವಳಾಗಿ, ಅತ್ತೆಯ ಕೈ ಮುರಿದ ಸೊಸೆಯಾಗಿ, ಎಲ್ಲರ ಬಾಯಲ್ಲೂ ಆಡತೊಡಗಿದ್ದಳು. ಕೇಳಿ ಕೇಳಿ ಅವಳಿಗೇ ಅನುಮಾನ ಹುಟ್ಟಿತು. ಕುರ್ಚಿಯಲ್ಲಿ ಕೂತಾಗ ಬಲಗಾಲನ್ನು ನೋಡಿಕೊಳ್ಳುವಳು. ಈ ಕಾಲು ಅವತ್ತು ಎಲ್ಲಿತ್ತು?

ಅವಳು ಕೃತಕ ದಂತಪಂಕ್ತಿ ತಯಾರಿಸುವವಳು. ದಂತವೈದ್ಯರು ಕಳಿಸಿದ ಅಚ್ಚು ನೋಡಿ, ಯಾವ ಹಲ್ಲು ಎಷ್ಟು ಸವೆದಿದೆ, ಇವರು ಯಾವ ಕಡೆ ಅಗಿಯುತ್ತಾರೆ ಎಂದು ಹೇಳಬಲ್ಲಳು. ಕೈಗೆ ಸಿಕ್ಕ ವಸ್ತುವನ್ನು ನಂಬುವುದು ಅವಳ ಸ್ವಭಾವ. ಹಾಗಾಗಿ ಗುಜರಿಯವನಿಗೆ ಹೇಳಿಕಳಿಸೋಣವೆಂದು ಗಂಡ ಮಾತೆತ್ತಿದಾಗ ಅವಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:

"ಬೇಡ. ಬಿಚ್ಚಿ ನೋಡ್ತೀನಿ."

"ಯಾರು ಬಿಚ್ಚೋದು?"

"ನಾನೇ."

ಗಂಡ ತಾಯಿಯ ಮುಖ ನೋಡಿದ. ಅತ್ತೆ ಎಡಗೈಯಲ್ಲಿ ಅನ್ನ ಕಲಸುವ ಕಸರತ್ತಿನಲ್ಲಿದ್ದರು. "ನನ್ನ ಮುಖ ಯಾಕೆ ನೋಡ್ತೀಯ? ನಿಮ್ಮಪ್ಪ ಅದನ್ನ ತಂದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಗುಜರಿಗೆ ಹಾಕೋದಾದ್ರೆ ನಿನ್ನನ್ನೂ ಸೇರಿಸಿ ಹಾಕ್ಬೇಕು."

ಗ್ಯಾರೇಜಿನ ಮೇಸ್ತ್ರಿ ಕಾರನ್ನು ಸುತ್ತಿ ಬಂದು ಕೈ ಚೆಲ್ಲಿದ. ಇದರ ಸಾಮಾನು ಸಿಗುವುದಿಲ್ಲ, ಇದನ್ನು ಮಾಡಿದವರೇ ಇದನ್ನು ಮರೆತಿದ್ದಾರೆ ಎಂದ. ಸಾಮಾನು ಹುಡುಕುವುದು ತನ್ನ ಹೊಣೆ, ನಿಮ್ಮ ಶೆಡ್ಡಿನ ಒಂದು ಮೂಲೆ ಕೊಡಿ, ತಪ್ಪು ಮಾಡಿದಾಗ ಒಂದು ಮಾತು ಹೇಳಿ, ಅಷ್ಟು ಸಾಕು ಎಂದಳು. ಮೇಸ್ತ್ರಿ ತಲೆ ಕೆರೆದುಕೊಂಡ. ಬೇಡವೆನ್ನಲು ಕಾರಣ ಹುಡುಕುವಷ್ಟರಲ್ಲಿ ಅವಳು ಕಾರಿನ ಕೆಳಗೆ ಸ್ಟ್ಯಾಂಡು ಕೊಡುತ್ತಿದ್ದಳು.

ಅಂದಿನಿಂದ ಬೆಳಗ್ಗೆ ಹಲ್ಲು, ಮಧ್ಯಾಹ್ನ ಕಾರು. ಅತ್ತೆಯೂ ಜೊತೆಗೆ ಬಂದು ಬಾಗಿಲ ಬಳಿ ಸ್ಟೂಲು ಹಾಕಿಸಿಕೊಂಡು ಕೂರುತ್ತಿದ್ದರು. ತುಕ್ಕು ಹಿಡಿದ ನಟ್ಟುಗಳು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟಳು, ಕಾಯಿಸಿದಳು, ಪಾನಾದ ಹಿಡಿಗೆ ಉದ್ದನೆಯ ಪೈಪು ತೊಡಿಸಿ ಅದರ ಮೇಲೆ ನಿಂತಳು. ಒಂದು ನಟ್ಟು ಟಕ್ಕೆಂದು ಬಿಟ್ಟುಕೊಟ್ಟಾಗ ಅವಳು ಅದರ ಜೊತೆಗೇ ನೆಲಕ್ಕೆ ಬಂದಳು.

"ಪೆಟ್ಟಾಯ್ತಾ?" ಅತ್ತೆ ಕೇಳಿದರು.

"ಇಲ್ಲ. ಬಂತು."

ಕೊನೆಗೆ ಬ್ರೇಕಿನ ಮಾಸ್ಟರ್ ಸಿಲಿಂಡರು ಕೈಗೆ ಬಂತು. ಪೆಡಲ್ ಒತ್ತಿದಾಗ ಎಣ್ಣೆಯನ್ನು ನಾಲ್ಕೂ ಚಕ್ರಗಳಿಗೆ ತಳ್ಳುವುದು ಅದೇ. ಒಳಗಿನ ಪಿಸ್ಟನ್ನು ಸುಲಭವಾಗಿ ಜಾರಿ ಬರಬೇಕಿತ್ತು. ಮರದ ತುಂಡಿನ ಮೇಲೆ ಬಡಿದು ಬಡಿದು ಹೊರಗೆಳೆಯಬೇಕಾಯಿತು. ಅದರ ಮೇಲಿನ ರಬ್ಬರಿನ ಬಟ್ಟಲುಗಳು ನೀರಲ್ಲಿ ನೆನೆದ ಬ್ರೆಡ್ಡಿನಂತೆ ಊದಿಕೊಂಡಿದ್ದವು. ಒಂದರ ಅಂಚು ಹರಿದು ಮಡಚಿಕೊಂಡಿತ್ತು. ಉಗುರು ತಾಗಿದಲ್ಲಿ ಗುಳಿ ಬೀಳುತ್ತಿತ್ತು.

ಮೇಸ್ತ್ರಿ ಅದನ್ನು ಮೂಗಿನ ಹತ್ತಿರ ಹಿಡಿದ. ಅವನ ಮುಖ ಬದಲಾಯಿತು. "ಇದು ಬ್ರೇಕ್ ಆಯಿಲ್ ಅಲ್ಲ ಕಣಮ್ಮ. ಯಾರೋ ಇಂಜಿನ್ ಆಯಿಲ್ ಹಾಕಿದಾರೆ. ಇಂಜಿನ್ ಆಯಿಲ್ ಬಿದ್ರೆ ಈ ರಬ್ಬರ್ ಊದ್ಕೊಳ್ಳುತ್ತೆ. ಇದನ್ನ ಇಟ್ಕೊಂಡು ದೇವರು ಒತ್ತಿದ್ರೂ ಗಾಡಿ ನಿಲ್ತಿರಲಿಲ್ಲ."

ತಾಯಿಯನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಗಂಡ ಬಾಗಿಲಲ್ಲೇ ನಿಂತಿದ್ದ. ಅವನದು ಔಷಧಿ ಅಂಗಡಿ. ಚೀಟಿಯನ್ನು ಎರಡು ಸಲ ಓದದೆ ಮಾತ್ರೆ ಕೊಡದ ಮನುಷ್ಯ. ಅವನ ಮುಖದ ರಕ್ತ ಇಳಿದುಹೋಗಿದ್ದು ಮೂವರಿಗೂ ಕಂಡಿತು.

"ನಾನೇ ಹಾಕಿದ್ದು," ಎಂದ. "ಬ್ರೇಕಿನ ಎಣ್ಣೆ ಡಬ್ಬೀಲಿ ಕಮ್ಮಿ ಇತ್ತು. ಶೆಲ್ಫಲ್ಲಿ ಎಣ್ಣೆ ಇತ್ತು. ಎಣ್ಣೆ ಎಲ್ಲಾ ಒಂದೇ ಅಂದ್ಕೊಂಡೆ."

ಮೊದಲು ಮಾತಾಡಿದವರು ಅತ್ತೆ. "ಸದ್ಯ, ಅಂಗಡೀಲಿ ಕೆಮ್ಮಿಗೆ ಕೇಳ್ದೋರಿಗೆ ಭೇದಿ ಔಷಧಿ ಕೊಟ್ಟಿಲ್ವಲ್ಲ."

ಯಾರೂ ನಗಲಿಲ್ಲ. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ. ಮಂಡಿಯವರೆಗೂ ಕಾಲು ಹಗುರಾಯಿತು. ಈ ಕಾಲು ಇರಬೇಕಾದ ಜಾಗದಲ್ಲೇ ಇತ್ತು. ಸಿಟ್ಟು ಬಂದದ್ದು ಆಮೇಲೆ, ಬಂದಿದ್ದು ಸರಿಯಾಗಿಯೇ ಬಂತು. ಆದರೆ ಅವಳು ದನಿ ಎತ್ತಲಿಲ್ಲ. ಊದಿದ ಆ ರಬ್ಬರನ್ನು ಕಾಗದದಲ್ಲಿ ಸುತ್ತಿ ಅವನ ಅಂಗೈಯಲ್ಲಿಟ್ಟಳು.

"ಕಾಲು ತಪ್ತು ಅಂತ ಯಾರ್‍ಯಾರಿಗೆ ಹೇಳಿದ್ರೋ ಅವರಿಗೆಲ್ಲ ಇದನ್ನ ತೋರಿಸಿ ಬನ್ನಿ. ಮೊದಲು ನಿಮ್ಮಣ್ಣನ ಮನೆ."

ಅವನು ಹೋದ. ಸಂಜೆ ಓರಗಿತ್ತಿಯ ಫೋನು ಬಂತು, ಅಡ್ಡಕ್ಕೂ ಉದ್ದಕ್ಕೂ ಮಾತಾಡಿ ಕೊನೆಗೆ "ಪಾಪ ನೀನು" ಎಂದಿತು. ಅವಳಿಗೆ ಆ ಪಾಪ ಬೇಕಾಗಿರಲಿಲ್ಲ. ಅವಳ ತಲೆಯಲ್ಲಿ ಕಾರಿತ್ತು.

ತಪ್ಪು ಎಣ್ಣೆ ಮುಟ್ಟಿದ ರಬ್ಬರು ಒಂದನ್ನೂ ಉಳಿಸುವಂತಿರಲಿಲ್ಲ. ಸಿಲಿಂಡರಿನ ಬಟ್ಟಲುಗಳು, ಮುಂದಿನ ಡಿಸ್ಕಿನ ಸೀಲುಗಳು, ಹಿಂದಿನ ಡ್ರಮ್ಮಿನೊಳಗಿನವು, ಹೋಸುಗಳು, ಎಲ್ಲವೂ ಹೊರಗೆ. ಲೋಹದ ಕೊಳವೆಗಳನ್ನು ಸ್ಪಿರಿಟ್ ಹಾಯಿಸಿ, ಗಾಳಿ ಊದಿ, ಹೊರಬಂದ ಹನಿಯನ್ನು ಬಿಳಿ ಬಟ್ಟೆಯ ಮೇಲೆ ಹಿಡಿದು ನೋಡಿದಳು. ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಬಿಡಲಿಲ್ಲ. ಬ್ರೇಕಿನ ರಬ್ಬರುಗಳು ಹೇಗೋ ದೂರದ ವ್ಯಾಪಾರಿಯೊಬ್ಬನ ಬಳಿ ಸಿಕ್ಕವು. ಮುಂದಿನ ಚಕ್ರವನ್ನು ಹಿಡಿದಿಡುವ ಲೋಹದ ತೋಳೂ ಸೊಟ್ಟಗಾಗಿತ್ತು, ಅದರ ಬದಲಿಗೆ ಇಂಥದೇ ಒಂದು ಸತ್ತ ಕಾರಿನಿಂದ ಕಳಚಿದ ತೋಳು ಬಂತು, ಮೈಮೇಲೆ ಎರಕದ ಜಪಾನಿ ಅಕ್ಷರಗಳೊಡನೆ. ಅತ್ತೆ ಅವನ್ನು ಎಡಬೆರಳಿನಿಂದ ಸವರಿ, "ಚೆನ್ನಾಗಿರೋ ಬೈಗುಳ ಇರ್ಬೇಕು," ಎಂದರು.

ಹಿಂದಿನ ಚಕ್ರಗಳ ಮೇಲಿನ ದಣಿದ ಪಟ್ಟಿ ಸ್ಪ್ರಿಂಗುಗಳಿಗೂ ಅದೇ ಕಾರಿನ ಬದಲಿ ಸಿಕ್ಕಿತು. ಸಿಗದೆ ಹೋದದ್ದು ಆ ತೋಳಿನ ಬುಷ್. ಲೋಹ ಲೋಹಕ್ಕೆ ತಾಗದಂತೆ ನಡುವೆ ಕೂರುವ ದಪ್ಪ ರಬ್ಬರಿನ ಬಳೆ. ಹಳೆಯದು ಬಿರುಕು ಬಿಟ್ಟು ಉದುರುತ್ತಿತ್ತು. ಮೇಸ್ತ್ರಿ ಮತ್ತೆ ಕೈ ಚೆಲ್ಲಲು ಸಿದ್ಧನಾದ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇದೂ ಒಂದು ಬಾಯಿ, ಇಲ್ಲೂ ಒಂದು ಹಲ್ಲು ಬಿದ್ದಿದೆ, ಅಷ್ಟೇ ತಾನೆ?

ತೋಳಿನ ತೂತಿನ ಅಳತೆ ತೆಗೆದು ಮೇಣದಲ್ಲಿ ಬುಷ್ ತಿದ್ದಿ, ಅದರ ಸುತ್ತ ಹಲ್ಲಿನ ಅಚ್ಚಿಗೆ ಬಳಸುವ ಗಟ್ಟಿ ಗಾರೆ ಸುರಿದು ಅಚ್ಚು ಮಾಡಿದಳು. ಟ್ರಾಲಿಗಳ ಚಕ್ರ ತಯಾರಿಸುವ ಕಾರ್ಖಾನೆಯಿಂದ ರಬ್ಬರಿನಂಥ ಗಟ್ಟಿ ಪಾಲಿಯುರೆಥೇನ್ ತಂದು ಎರಕ ಹೊಯ್ದಳು. ಮೊದಲನೆಯದರಲ್ಲಿ ಗುಳ್ಳೆಗಳು. ಎರಡನೆಯದು ಮೆತ್ತಗಾಯಿತು. ಮೂರನೆಯದನ್ನು ಹಲ್ಲಿನ ಅಚ್ಚುಗಳ ಜೊತೆ, ತನ್ನ ಕೆಲಸದ ಅದುರುವ ಮಣೆಯ ಮೇಲಿಟ್ಟು ಗುಳ್ಳೆಯೆಲ್ಲ ಮೇಲೆ ಬರಿಸಿದಳು. ಮೇಸ್ತ್ರಿ ಅದನ್ನು ವೈಸಿನಲ್ಲಿ ಸಿಕ್ಕಿಸಿ ಹಿಂಡಿದ, ಬಿಟ್ಟ. ಅದು ಹಾಗೇ ತನ್ನ ಆಕಾರಕ್ಕೆ ಮರಳಿತು. "ನನಗೂ ಒಂದು ದವಡೆ ಹಲ್ಲು ಬೇಕಿತ್ತು," ಎಂದ.

ಅವಳೂ ತಪ್ಪು ಮಾಡದೆ ಇರಲಿಲ್ಲ. ಕಾರು ಸ್ಟ್ಯಾಂಡಿನ ಮೇಲೆ ತೂಗುತ್ತಿರುವಾಗಲೇ ಬುಷ್‌ಗಳ ಬೋಲ್ಟುಗಳನ್ನೆಲ್ಲ ಕಚ್ಚಿ ಬಿಗಿದುಬಿಟ್ಟಿದ್ದಳು. ಕೆಳಗಿಳಿಸಿದಾಗ ಕಾರು ಮುಂಗಾಲು ಚಾಚಿ ನಿಂತ ಹಾಗೆ ಮೂತಿ ಎತ್ತಿಕೊಂಡೇ ಉಳಿಯಿತು. ನೆಲದ ಮೇಲೆ ಭಾರ ಬಿಟ್ಟ ಮೇಲೆಯೇ ಅವನ್ನು ಬಿಗಿಯಬೇಕು, ಇಲ್ಲದಿದ್ದರೆ ಬುಷ್ ತಿರುಚಿಕೊಂಡೇ ಇರುತ್ತದೆ ಎಂದು ಮೇಸ್ತ್ರಿ ಆಗ ಹೇಳಿದ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ತಪ್ಪು ಮಾಡಿದಾಗ ಹೇಳಿ ಅಂದಿದ್ರಲ್ಲ."

ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಕೆಳಗೆ ಹೋಗಿ ಎಲ್ಲವನ್ನೂ ಸಡಿಲಿಸಿದಳು.

ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಸಣ್ಣ ಸ್ಕ್ರೂ ಬಿಚ್ಚಿ ಗಾಳಿ ಬಿಡಬೇಕು, ಅದನ್ನು ಮುಚ್ಚಿದ ಮೇಲೆಯೇ ಮೊದಲನೆಯವರು ಕಾಲು ತೆಗೆಯಬೇಕು. ಆ ರಬ್ಬರಿನ ದಿನದಿಂದ ಗಂಡ ಹೆಂಡತಿಯ ನಡುವೆ ಊಟಕ್ಕೆ ಬೇಕಾದಷ್ಟೇ ಮಾತು. ಅವಳು ಮೇಸ್ತ್ರಿಯನ್ನು ಕರೆಯಬಹುದಿತ್ತು. ಗಂಡನಿಗೆ ಹೇಳಿಕಳಿಸಿದಳು.

ಅವನು ಅಂಗಡಿಗೆ ಬೀಗ ಹಾಕಿ ಬಂದ. ಶೂ ಕಳಚಿ ಸೀಟಿನಲ್ಲಿ ಕೂತ. ಅವಳು ಹಿಂದಿನ ಚಕ್ರದ ಬಳಿ ಮಲಗಿದಳು.

"ಒತ್ತಿ."

"ಒತ್ತಿದೆ."

"ಹಿಡಿದಿರಿ. ಬಿಡ್ಬೇಡಿ." ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಓಡಿದವು. "ಈಗ ಬಿಡಿ."

ಒತ್ತಿ, ಹಿಡಿದಿರಿ, ಬಿಡಿ. ಒಂದು ಚಕ್ರ ಮುಗಿದು ಇನ್ನೊಂದಕ್ಕೆ ಬಂದರು. ಮುಖ ಕಾಣದ ಜಾಗದಲ್ಲಿ ಮಾತು ಸುಲಭ.

"ಅವತ್ತು ನಿನ್ನ ಮಾತು ಕೇಳ್ಬೇಕಿತ್ತು," ಎಂದ ಅವನು ಮೇಲಿನಿಂದ. "ಎಣ್ಣೆ ವಿಷಯ ಗೊತ್ತಿರಲಿಲ್ಲ, ಸರಿ. ಆದ್ರೆ ನೀನು ಬ್ರೇಕ್ ಒತ್ತಿದೆ ಅಂದಾಗ ನಂಬಬೇಕಿತ್ತು."

ಅವಳು ಸ್ಕ್ರೂ ಬಿಗಿದಳು. "ನಂಬಬೇಕಿತ್ತು," ಎಂದಳು. "ಎಣ್ಣೆದು ನನಗೆ ದೊಡ್ಡ ವಿಷಯ ಅಲ್ಲ. ಇದು ದೊಡ್ಡದು." ಮತ್ತೆ, "ಒತ್ತಿ."

ಕೊನೆಯ ಚಕ್ರಕ್ಕೆ ಬರುವಷ್ಟರಲ್ಲಿ ಅವನ ಕಾಲಡಿ ಪೆಡಲ್ಲು ಕಲ್ಲಾಗಿತ್ತು. "ಇನ್ನು ಹೋಗ್ತಾ ಇಲ್ಲ," ಎಂದ, ಹೆದರಿದವನ ಹಾಗೆ.

"ಹೋಗ್ಬಾರ್ದು."

ಮೊದಲು ಶೆಡ್ಡಿನ ಹಿಂದಿನ ಬಯಲಲ್ಲಿ ಓಡಿಸಿದಳು. ನಡೆಯುವ ವೇಗದಲ್ಲಿ ನಿಲ್ಲಿಸಿದಳು, ಸೈಕಲ್ಲಿನ ವೇಗದಲ್ಲಿ, ಬಸ್ಸಿನ ವೇಗದಲ್ಲಿ. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಇಲ್ಲ. ಮರುದಿನ ಬೆಳಗ್ಗೆ, ರಸ್ತೆ ಖಾಲಿ ಇರುವ ಹೊತ್ತಿಗೆ, ಸೇತುವೆಯ ಇಳಿಜಾರಿನ ನೆತ್ತಿಗೆ ಬಂದಳು. ಒಬ್ಬಳೇ ಹೋಗುವುದೆಂದು ಅವಳ ಲೆಕ್ಕ. ಪ್ಲಾಸ್ಟರ್ ಬಿಚ್ಚಿಸಿಕೊಂಡಿದ್ದ ಅತ್ತೆ ಯಾರನ್ನೂ ಕೇಳದೆ ಪಕ್ಕದಲ್ಲಿ ಕೂತರು. ಹಿಂದೆ ಗಂಡ.

"ಇಳೀರಿ ಅತ್ತೆ. ಮೊದಲ ಸಲ ನಾನೊಬ್ಳೇ ನೋಡ್ತೀನಿ."

"ಈ ಸಲ ಕಣ್ಣು ಚೆನ್ನಾಗಿ ಕಾಣ್ತಿದೆ. ಸರಿಯಾಗಿ ಸಾಕ್ಷಿ ಹೇಳ್ತೀನಿ, ನಡಿ."

ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಇಳಿಜಾರಿನ ನಡುವೆ, ಮರಳು ಗುಡ್ಡೆಯಿದ್ದ ಮನೆಗಿಂತ ಬಹಳ ಮೊದಲೇ, ಪೆಡಲ್ ಒತ್ತಿದಳು. ಕಾರು ಮೂತಿಯನ್ನು ಸ್ವಲ್ಪ ತಗ್ಗಿಸಿ, ಮೈ ಕೊಡವದೆ, ನೆಟ್ಟಗೆ ನಿಂತಿತು. ನಿಂತೇ ಇತ್ತು. ಅವಳು ಒತ್ತಿದ ಕಾಲನ್ನು ಕೂಡಲೇ ತೆಗೆಯಲಿಲ್ಲ. ಹಿಂದಿನಿಂದ ಬಂದ ಹಾಲಿನ ವ್ಯಾನು ಹಾರ್ನ್ ಹೊಡೆದು ಪಕ್ಕದಲ್ಲಿ ಹಾದುಹೋಯಿತು. ಅವಳ ಕಣ್ಣು ಮಂಜಾಗಿತ್ತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಕಿಟಕಿಯ ಗಾಜು ಇಳಿಸಿದರು.

ಸೇತುವೆ ದಾಟಿದ ಮೇಲೆ ಮನೆಯ ಕಡೆ ತಿರುಗಿಸದೆ ನೇರ ಹೊರಟಳು. ಊರ ಹೊರಗಿನ ದಾರಿಯಲ್ಲಿ ಎಡಹಿಂಬದಿಯಿಂದ ಸಣ್ಣಗೆ ಟಿಕ್ ಎಂಬ ಸದ್ದು ಕೇಳತೊಡಗಿತು. ಗಂಡನಿಗೆ ಕೇಳಿಸಲಿಲ್ಲ, ಅತ್ತೆಗೂ ಇಲ್ಲ. ಅವಳು ಮರದ ನೆರಳಿಗೆ ನಿಲ್ಲಿಸಿ ಕೆಳಗೆ ತೂರಿದಳು. ಹೊಸದಾಗಿ ಕೂರಿಸಿದ ಪಟ್ಟಿ ಸ್ಪ್ರಿಂಗು ಭಾರಕ್ಕೆ ಕುಳಿತು, ಅದನ್ನು ಹಿಡಿದ ಬೋಲ್ಟು ಸಡಿಲವಾಗಿತ್ತು. ಗಂಡ ಕೇಳುವ ಮೊದಲೇ ಪಾನಾ ಹುಡುಕಿ ಕೊಟ್ಟು, ಧೂಳಿನಲ್ಲಿ ಅವಳ ಪಕ್ಕ ಮಂಡಿಯೂರಿದ.

ದಾರಿಹೋಕನೊಬ್ಬ ಬೈಕು ನಿಲ್ಲಿಸಿ, "ಏನಜ್ಜಿ, ಹಳೇ ಗಾಡಿ ಕೆಟ್ಟುಹೋಯ್ತಾ?" ಎಂದ.

"ಕೆಟ್ಟಿಲ್ಲಪ್ಪ," ಅತ್ತೆ ಸೀಟಿನಿಂದಲೇ ಹೇಳಿದರು. "ನನ್ನ ಸೊಸೆ ಬಿಗಿ ಮಾಡ್ತಿದಾಳೆ. ನೀನು ಹೊರಡು."